ಬತ್ತಿದ ಅರಲ್ ಸಮುದ್ರ ಮತ್ತು ನೀರಾವರಿ ಬೇಸಾಯ

(ಅಚ್ಚುಕಟ್ಟು ಪ್ರದೇಶದ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಧ್ಯ ಏಷ್ಯಾದಲ್ಲಿ ಕಜಾಕಸ್ತಾನ ಮತ್ತು ಉಜ್ಬೇಕಿಸ್ತಾನ ಎಂಬ ಎರಡು ದೇಶಗಳ ನಡುವೆ ಅರಲ್ ಸಮುದ್ರವಿದೆ. 1960ರಲ್ಲಿ ಇದರ ವಿಸ್ತೀರ್ಣ ಸುಮಾರು 68,000 ಚದರ ಕಿಲೋಮೀಟರು. ಅಂದರೆ ಕರ್ನಾಟಕ ರಾಜ್ಯದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಜಗತ್ತಿನ ಒಳನಾಡಿನ ಜಲರಾಶಿಗಳಲ್ಲಿ ಆಗ ಇದಕ್ಕೆ ನಾಲ್ಕನೆಯ ಸ್ಥಾನವಿತ್ತು. ಇಂದು ಆ ವಿಸ್ತೀರ್ಣದ ಸುಮಾರು ಹತ್ತನೆಯ ಒಂದು ಭಾಗದಲ್ಲಿ ಮಾತ್ರ ನೀರು ಉಳಿದಿದೆ. ಮಳೆ ಕೈಕೊಟ್ಟು ಒಣಗಿದ ಸಮುದ್ರ ಇದಲ್ಲ. ಇದಕ್ಕೆ ಬರಬೇಕಾಗಿದ್ದ ನದಿ ನೀರನ್ನು ದಾರಿಯಲ್ಲೇ ಹೊಲಗಳಿಗೆ ತಿರುಗಿಸಿದ್ದರಿಂದ ಇದು ಒಣಗಿತು.

ಕಾಲುವೆ ನೀರಿನಲ್ಲಿ ಬೇಸಾಯ ಮಾಡುವ ಪ್ರತಿಯೊಬ್ಬ ರೈತನೂ ಈ ಸಮುದ್ರದ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ನೀರಿನ ಲೆಕ್ಕ, ಉಪ್ಪಿನ ಲೆಕ್ಕ ಎರಡೂ ತಪ್ಪಿದಾಗ ಭೂಮಿ, ಹವೆ ಮತ್ತು ಜನಜೀವನಗಳಿಗೆ ಏನಾಗುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಂಡುಬರುತ್ತದೆ.

ಸ್ಥಾನ ಮತ್ತು ಭೂರಚನೆ

ಅರಲ್ ಸಮುದ್ರವು ಉತ್ತರ ಅಕ್ಷಾಂಶ 43 ಮತ್ತು 47 ಡಿಗ್ರಿಗಳ ನಡುವೆ, ತುರಾನ್ ತಗ್ಗು ಬಯಲು ಎಂಬ ವಿಶಾಲ ಪ್ರದೇಶದಲ್ಲಿದೆ. ಅದರ ಪಶ್ಚಿಮಕ್ಕೆ ಉಸ್ತ್ಯುರ್ತ್ ಪ್ರಸ್ಥಭೂಮಿಯ ಕಡಿದಾದ ಅಂಚು, ಆಗ್ನೇಯಕ್ಕೆ ಕಿಜಿಲ್ ಕುಮ್ ಮರುಭೂಮಿ, ದಕ್ಷಿಣಕ್ಕೆ ಅಮು ದರ್ಯಾ ನದಿಯ ಮುಖಜಭೂಮಿ ಮತ್ತು ಅದರಾಚೆ ಕಾರಾಕುಮ್ ಮರುಭೂಮಿ ಇವೆ. ಕಿಜಿಲ್ ಕುಮ್ ಎಂದರೆ ಕೆಂಪು ಮರಳು, ಕಾರಾಕುಮ್ ಎಂದರೆ ಕಪ್ಪು ಮರಳು. ಅರಲ್ ಎಂಬ ಶಬ್ದಕ್ಕೆ ಅಲ್ಲಿನ ತುರ್ಕಿ ಮೂಲದ ಭಾಷೆಗಳಲ್ಲಿ ದ್ವೀಪ ಎಂಬ ಅರ್ಥವಿದೆ. ಹಿಂದೆ ಇದರಲ್ಲಿ ಸಾವಿರಕ್ಕೂ ಹೆಚ್ಚು ಸಣ್ಣ ದೊಡ್ಡ ದ್ವೀಪಗಳಿದ್ದುದರಿಂದ ಈ ಹೆಸರು ಬಂದಿದೆ. ರಷ್ಯಾದ ನೌಕಾಧಿಕಾರಿ ಅಲೆಕ್ಸೆಯ್ ಬುತಕೋವ್ 1848–49ರಲ್ಲಿ ಹಡಗಿನಲ್ಲಿ ಸುತ್ತಿ ಇದರ ಮೊದಲ ವ್ಯವಸ್ಥಿತ ಮೋಜಣಿ ಮಾಡಿದನು.

ಸಮುದ್ರವೆಂಬ ಹೆಸರಿದ್ದರೂ ಭೂಗೋಳ ಶಾಸ್ತ್ರದ ಪ್ರಕಾರ ಇದೊಂದು ಸರೋವರ. ಯಾವ ಮಹಾಸಾಗರದೊಡನೆಯೂ ಇದಕ್ಕೆ ಸಂಪರ್ಕವಿಲ್ಲ. ಎರಡು ದೊಡ್ಡ ನದಿಗಳು ಬಂದು ಸೇರುತ್ತವೆ. ಹೊರಗೆ ಹರಿದು ಹೋಗುವ ನದಿ ಒಂದೂ ಇಲ್ಲ. ಕೋಡಿಯಿಲ್ಲದ ಒಂದು ಭಾರೀ ಕೆರೆಯನ್ನು ಕಲ್ಪಿಸಿಕೊಂಡರೆ ಅರಲ್ ಸಮುದ್ರದ ಸ್ವಭಾವ ತಿಳಿಯುತ್ತದೆ.

1960ರಲ್ಲಿ ಇದರ ನೀರಿನ ಮಟ್ಟ ಸಾಗರ ಮಟ್ಟದಿಂದ ಸುಮಾರು 53 ಮೀಟರು ಎತ್ತರದಲ್ಲಿತ್ತು. ಪಶ್ಚಿಮ ಅಂಚಿನಲ್ಲಿ ಮಾತ್ರ ಸುಮಾರು 69 ಮೀಟರು ಆಳದ ಕಂದಕವಿತ್ತು. ಸರಾಸರಿ ಆಳ ಕೇವಲ 16 ಮೀಟರು. ಪೂರ್ವ ಭಾಗದ ತಳವು ಬಹಳ ಸಮತಟ್ಟಾದುದು. ಇಳಿಜಾರು ಕಡಿಮೆಯಿರುವ ಕೆರೆಯಂಗಳದಲ್ಲಿ ಒಂದು ಮೊಳ ನೀರು ಇಳಿದರೂ ಎಷ್ಟೋ ಎಕರೆ ನೆಲ ತೆರೆದುಕೊಳ್ಳುವುದನ್ನು ರೈತರು ಬಲ್ಲರು. ಅದೇ ರೀತಿ ಇಲ್ಲಿ ಮಟ್ಟ ಒಂದು ಮೀಟರು ತಗ್ಗಿದರೆ ದಡವು ಕಿಲೋಮೀಟರುಗಟ್ಟಲೆ ಹಿಂದಕ್ಕೆ ಸರಿಯುತ್ತಿತ್ತು.

ಎರಡು ನದಿಗಳಲ್ಲಿ ದೊಡ್ಡದು ಅಮು ದರ್ಯಾ. ಇದು ಪಾಮೀರ್ ಮತ್ತು ಹಿಂದೂಕುಶ್ ಪರ್ವತಗಳ ಹಿಮದಿಂದ ಹುಟ್ಟಿ ತಜಿಕಿಸ್ತಾನ, ಆಫ್ಘಾನಿಸ್ತಾನ, ತುರ್ಕಮೆನಿಸ್ತಾನ ಮತ್ತು ಉಜ್ಬೇಕಿಸ್ತಾನಗಳಿಗೆ ನೀರುಣಿಸುತ್ತದೆ. ಎರಡನೆಯದಾದ ಸಿರ್ ದರ್ಯಾ ಟಿಯೆನ್ ಶಾನ್ ಪರ್ವತಗಳಲ್ಲಿ ಹುಟ್ಟಿ ಕಿರ್ಗಿಜ್‌ಸ್ತಾನ, ಉಜ್ಬೇಕಿಸ್ತಾನ, ತಜಿಕಿಸ್ತಾನ, ಕಜಾಕಸ್ತಾನಗಳ ಮೂಲಕ ಹರಿಯುತ್ತದೆ. "ಜೈ ಜವಾನ್, ಜೈ ಕಿಸಾನ್" ಎಂದು ಸಾರಿದ ಲಾಲ್ ಬಹಾದುರ್ ಶಾಸ್ತ್ರಿಯವರು 1966ರ ಜನವರಿಯಲ್ಲಿ ಕೊನೆಯುಸಿರೆಳೆದ ತಾಷ್ಕೆಂಟ್ ನಗರ ಈ ಸಿರ್ ದರ್ಯಾ ಜಲಾನಯನ ಪ್ರದೇಶಕ್ಕೇ ಸೇರಿದೆ.

ಹವಾಗುಣ

ಈ ಪ್ರದೇಶ ಎಲ್ಲ ಮಹಾಸಾಗರಗಳಿಂದಲೂ ದೂರದಲ್ಲಿದೆ. ನಮಗೆ ಮಳೆ ತರುವ ಮುಂಗಾರು ಮಾರುತಗಳನ್ನು ಹಿಮಾಲಯ, ಹಿಂದೂಕುಶ್ ಮತ್ತು ಪಾಮೀರ್ ಪರ್ವತಗಳು ತಡೆದುಬಿಡುತ್ತವೆ. ಆದ್ದರಿಂದ ಸಮುದ್ರದ ಸುತ್ತಮುತ್ತ ವರ್ಷಕ್ಕೆ ಬೀಳುವ ಮಳೆ ಮತ್ತು ಹಿಮ ಎರಡೂ ಸೇರಿ 100ರಿಂದ 140 ಮಿ.ಮೀ. ಮಾತ್ರ. ರಾಯಚೂರಿನಂತಹ ಒಣ ಜಿಲ್ಲೆಯಲ್ಲೂ ಇದರ ನಾಲ್ಕು ಪಟ್ಟಿಗಿಂತ ಹೆಚ್ಚು ಮಳೆಯಾಗುತ್ತದೆ. ಅಲ್ಲಿ ನೀರಾವರಿಯಿಲ್ಲದೆ ಬೆಳೆ ತೆಗೆಯುವ ಮಾತೇ ಇಲ್ಲ.

ಬೇಸಿಗೆ ಮತ್ತು ಚಳಿಗಾಲಗಳ ನಡುವಿನ ಅಂತರ ಅಲ್ಲಿ ಬಹಳ. ಜುಲೈ ತಿಂಗಳ ಸರಾಸರಿ ಉಷ್ಣಾಂಶ 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದು, ಹಗಲಿನಲ್ಲಿ 40 ಡಿಗ್ರಿ ದಾಟುವ ದಿನಗಳೂ ಇವೆ. ಜನವರಿಯಲ್ಲಿ ಉತ್ತರ ತೀರದ ಸರಾಸರಿ ಸೊನ್ನೆಗಿಂತ 12 ಡಿಗ್ರಿಯಷ್ಟು ಕೆಳಗಿಳಿಯುತ್ತದೆ. ಉತ್ತರ ಭಾಗದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಈಶಾನ್ಯ ದಿಕ್ಕಿನಿಂದ ಬೀಸುವ ಗಾಳಿ ಹೆಚ್ಚು.

ಪರ್ವತ ಭಾಗದಲ್ಲಿ ಪಶ್ಚಿಮದಿಂದ ಬರುವ ತೇವದ ಗಾಳಿಯಿಂದ ಚಳಿಗಾಲದಲ್ಲೂ ವಸಂತದಲ್ಲೂ ಹಿಮ ಬೀಳುತ್ತದೆ. ಈ ಹಿಮ ಬೇಸಿಗೆಯಲ್ಲಿ ಕರಗಿ, ಬೆಳೆಗೆ ನೀರು ಬೇಕಾದ ಕಾಲದಲ್ಲೇ ನದಿಗಳು ತುಂಬಿ ಹರಿಯುತ್ತವೆ. ಬಿಸಿಲು, ಫಲವತ್ತಾದ ಮೆಕ್ಕಲು ಮಣ್ಣು ಮತ್ತು ಸಕಾಲದ ನೀರು ಮೂರೂ ಒಂದೆಡೆ ಕೂಡಿದ್ದರಿಂದ ಖೊರೆಜ್ಮ್ ಮೊದಲಾದ ನದಿ ತೀರದ ನಾಡುಗಳಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಕಾಲುವೆ ಬೇಸಾಯ ನಡೆದುಬಂದಿದೆ.

ಸಮುದ್ರವೂ ತನ್ನ ಸುತ್ತಲಿನ ಹವೆಯನ್ನು ಹದಗೊಳಿಸುತ್ತಿತ್ತು. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಆದ್ದರಿಂದ ದಡದಿಂದ ಸುಮಾರು 100 ಕಿಲೋಮೀಟರಿನವರೆಗೆ ಬೇಸಿಗೆಯ ಉರಿ ಸ್ವಲ್ಪ ಕಡಿಮೆಯಾಗಿ, ಶರತ್ಕಾಲದ ಮಂಜು ಹೆಪ್ಪುಗಟ್ಟುವುದು ತಡವಾಗುತ್ತಿತ್ತು. ಹತ್ತಿ ಬೆಳೆಗಾರನಿಗೆ ಇದು ಬೆಲೆಬಾಳುವ ಉಪಕಾರ. ಹಿಮಪಾತಕ್ಕೆ ಮೊದಲು ಕಾಯಿ ಬಿರಿಯದಿದ್ದರೆ ಆ ಹತ್ತಿ ಕೈಗೆ ಹತ್ತುವುದಿಲ್ಲ.

ಸಮುದ್ರದ ಜಮಾ-ಖರ್ಚು

1911ರಿಂದ 1960ರವರೆಗಿನ ಸರಾಸರಿ ಲೆಕ್ಕವನ್ನು ನೋಡಬಹುದು. ನದಿಗಳಿಂದ ವರ್ಷಕ್ಕೆ ಸುಮಾರು 56 ಘನ ಕಿಲೋಮೀಟರು ನೀರು ಬರುತ್ತಿತ್ತು. ಇದು ಸುಮಾರು 2,000 ಟಿ.ಎಂ.ಸಿ. ಅಡಿಗೆ ಸಮ, ಕಟ್ಟಿದ ಕಾಲದಲ್ಲಿ ತುಂಗಭದ್ರಾ ಜಲಾಶಯದಲ್ಲಿ ಹಿಡಿಯುತ್ತಿದ್ದ ನೀರಿನ ಹದಿನೈದು ಪಟ್ಟು. ಸಮುದ್ರದ ಮೇಲೆ ನೇರವಾಗಿ ಬೀಳುವ ಮಳೆಯಿಂದ ಸುಮಾರು 9 ಘನ ಕಿ.ಮೀ. ಸಿಗುತ್ತಿತ್ತು. ಆವಿಯಾಗಿ ಹೋಗುತ್ತಿದ್ದುದು ಸುಮಾರು 66 ಘನ ಕಿ.ಮೀ. ಜಮೆಯೂ ಖರ್ಚೂ ಹೆಚ್ಚುಕಡಿಮೆ ಸರಿಹೋಗಿ ಸಮುದ್ರದ ಮಟ್ಟ ಒಂದೇ ಸಮನಾಗಿತ್ತು.

ಇದರಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಜಮೆಯ ಬಹುಪಾಲು ನದಿಗಳದ್ದೇ, ಮಳೆಯದು ಅಲ್ಪ. ಎರಡನೆಯದು, ಬಿಸಿಲು ಗಾಳಿಗಳು ಪ್ರತಿ ವರ್ಷ ಸುಮಾರು ಒಂದು ಮೀಟರು ನೀರನ್ನು ಹೀರಿಕೊಳ್ಳುತ್ತವೆ. ಈ ಖರ್ಚನ್ನು ಯಾರೂ ನಿಲ್ಲಿಸಲಾರರು. ಜಮೆ ಕಡಿಮೆಯಾದರೆ, ಉಳಿದ ಜಮೆಗೆ ತಕ್ಕಷ್ಟು ವಿಸ್ತೀರ್ಣಕ್ಕೆ ಇಳಿಯುವವರೆಗೆ ಸಮುದ್ರ ಕುಗ್ಗುತ್ತಲೇ ಹೋಗುತ್ತದೆ.

ಎರಡೂ ನದಿಗಳಲ್ಲಿ ಪರ್ವತಗಳಿಂದ ಇಳಿದುಬರುವ ನೀರು ಒಟ್ಟು 110ರಿಂದ 115 ಘನ ಕಿ.ಮೀ. ಅದರಲ್ಲಿ ಅರ್ಧದಷ್ಟು ಹೊಲಗಳಲ್ಲಿ, ನದೀತೀರದ ಕಾಡುಗಳಲ್ಲಿ ಮತ್ತು ಮರಳಿನಲ್ಲಿ ಖರ್ಚಾಗಿ, ಮಿಕ್ಕ ಅರ್ಧ ಸಮುದ್ರಕ್ಕೆ ಬರುತ್ತಿತ್ತು. ಬೇರೆಯವರೆಲ್ಲ ಬಳಸಿ ಮಿಕ್ಕಿದ್ದೇ ಅದರ ಪಾಲು. ಹೀಗೆ ನೋಡಿದರೆ ಅರಲ್ ಸಮುದ್ರವು ಕಾಲುವೆಯ ಕೊನೆ ಭಾಗದ ರೈತನಿದ್ದಂತೆ. ಆ ರೈತನ ಕಷ್ಟವೇ ಅದರ ಕಷ್ಟ.

ಹತ್ತಿಯ ವಿಸ್ತರಣೆ

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಯುರೋಪಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತುಹೋಯಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಒಮ್ಮೆಲೇ ಬೆಲೆ ಏರಿದ್ದು ನಮ್ಮ ಕೃಷಿ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅದೇ ಅಭಾವದಿಂದ ರಷ್ಯಾ ದೇಶವೂ ತನ್ನ ಗಿರಣಿಗಳಿಗಾಗಿ ಮಧ್ಯ ಏಷ್ಯಾದ ಹತ್ತಿಯತ್ತ ಕಣ್ಣು ಹಾಯಿಸಿತು. ಮುಂದೆ ಸೋವಿಯತ್ ಸರ್ಕಾರ ಹತ್ತಿಯಲ್ಲಿ ಸ್ವಾವಲಂಬನೆ ಸಾಧಿಸಲು ಈ ನಾಡನ್ನೇ ಆರಿಸಿಕೊಂಡಿತು.

1960ರಲ್ಲಿ ಅರಲ್ ಜಲಾನಯನ ಪ್ರದೇಶದಲ್ಲಿ ಸುಮಾರು 45 ಲಕ್ಷ ಹೆಕ್ಟೇರು ನೀರಾವರಿಯಿತ್ತು. 1990ರ ವೇಳೆಗೆ ಅದು 70 ಲಕ್ಷ ಹೆಕ್ಟೇರು ಮುಟ್ಟಿತು. ಹತ್ತಿಯ ಜೊತೆಗೆ ನದಿಗಳ ಕೆಳಭಾಗದಲ್ಲಿ, ಹತ್ತಿಗಿಂತ ಎರಡು ಪಟ್ಟಿಗೂ ಹೆಚ್ಚು ನೀರು ಬೇಡುವ ಭತ್ತವನ್ನೂ ವಿಸ್ತರಿಸಲಾಯಿತು.

1960ಕ್ಕೆ ಮೊದಲೂ ನೀರಾವರಿ ಬೆಳೆಯುತ್ತಲೇ ಇತ್ತು; ಆಗ ಕುಗ್ಗದ ಸಮುದ್ರ ಅನಂತರ ಕುಗ್ಗಿದ್ದೇಕೆ ಎಂಬ ಪ್ರಶ್ನೆ ಸಹಜ. ಹಿಂದಿನ ಹೊಲಗಳು ನದಿಯ ಪಕ್ಕದಲ್ಲೇ ಇದ್ದವು. ಹೆಚ್ಚಾದ ನೀರು ಬಸಿದು ಮತ್ತೆ ನದಿಗೇ ಸೇರುತ್ತಿತ್ತು. ನೆರೆ ನೀರು ಹರಡಿ ಜೊಂಡಿನಲ್ಲಿ, ಪೊದೆಗಾಡಿನಲ್ಲಿ ಆವಿಯಾಗುವುದೂ ಕಡಿಮೆಯಾಗಿ ಲೆಕ್ಕ ಸರಿದೂಗುತ್ತಿತ್ತು. ಆಮೇಲಿನ ಕಾಲುವೆಗಳು ನೀರನ್ನು ನದಿಯಿಂದ ದೂರದ ಮರುಭೂಮಿಗೆ ಒಯ್ದವು. 1954ರಲ್ಲಿ ಆರಂಭವಾದ ಕಾರಾಕುಮ್ ಕಾಲುವೆ 1962ರಲ್ಲಿ ಅಶ್ಗಾಬಾದ್ ನಗರ ತಲುಪಿತು. ಮುಂದೆ ಅದರ ಉದ್ದ 1,300 ಕಿಲೋಮೀಟರು ದಾಟಿತು. ವರ್ಷಕ್ಕೆ 10 ಘನ ಕಿ.ಮೀ.ಗೂ ಹೆಚ್ಚು ನೀರನ್ನು ಇದೊಂದೇ ಅಮು ದರ್ಯಾದಿಂದ ಎಳೆದುಕೊಳ್ಳುತ್ತದೆ. ಬಹುಪಾಲು ಮರಳಿನಲ್ಲಿ ತೋಡಿದ ಮಣ್ಣಿನ ಕಾಲುವೆಯಾದ್ದರಿಂದ ಇಂಗಿ ಹೋಗುವ ನೀರಿಗೂ ಲೆಕ್ಕವಿಲ್ಲ. ಹೀಗೆ ಹೋದ ನೀರು ನದಿಗೆ ಹಿಂದಿರುಗುವುದಿಲ್ಲ.

ಸಮುದ್ರಕ್ಕೆ ಬರುವ ನದಿ ನೀರು 1961–70ರಲ್ಲಿ ವರ್ಷಕ್ಕೆ ಸರಾಸರಿ ಸುಮಾರು 43 ಘನ ಕಿ.ಮೀ.ಗೆ, 1971–80ರಲ್ಲಿ 17ಕ್ಕೆ, 1981–90ರಲ್ಲಿ 4ಕ್ಕೆ ಇಳಿಯಿತು. 4 ಘನ ಕಿ.ಮೀ. ನೀರಿನಿಂದ, ಮಳೆಯ ನೀರನ್ನೂ ಕೂಡಿಸಿಕೊಂಡು, ಸುಮಾರು 4,500 ಚದರ ಕಿ.ಮೀ. ಹರವನ್ನು ಮಾತ್ರ ಉಳಿಸಿಕೊಳ್ಳಬಹುದು. 68,000 ಚದರ ಕಿ.ಮೀ. ಸಮುದ್ರ ಕುಗ್ಗದೆ ಬೇರೆ ದಾರಿಯಿರಲಿಲ್ಲ.

1980ರ ದಶಕದ ಕೊನೆಯಲ್ಲಿ ಸಮುದ್ರ ಎರಡು ಹೋಳಾಯಿತು. ಉತ್ತರದ ಸಣ್ಣ ಅರಲ್ ಸಿರ್ ದರ್ಯಾದ ಪಾಲಿಗೆ, ದಕ್ಷಿಣದ ದೊಡ್ಡ ಅರಲ್ ಅಮು ದರ್ಯಾದ ಪಾಲಿಗೆ ಬಂದವು. ಆಮೇಲೆ ದಕ್ಷಿಣ ಭಾಗವೂ ಪೂರ್ವ, ಪಶ್ಚಿಮ ಎಂದು ಒಡೆಯಿತು. 2014ರಲ್ಲಿ ಪೂರ್ವದ ಹೋಳು ಪೂರ್ತಿಯಾಗಿ ಒಣಗಿತು.

ಅಮು ದರ್ಯಾ ದಿಕ್ಕು ಬದಲಿಸಿ ಪಶ್ಚಿಮದ ಸಾರಿಕಮಿಶ್ ತಗ್ಗಿನತ್ತ ಹರಿದಾಗ ಅರಲ್ ಹಿಂದೆಯೂ ಕುಗ್ಗಿದ್ದುಂಟು. ಈಗ ಒಣಗಿದ ತಳದಲ್ಲಿ ಮಧ್ಯಯುಗದ ಗೋರಿ ಕಟ್ಟಡಗಳ ಅವಶೇಷಗಳು ದೊರೆತಿವೆ. ಆದರೆ ಈ ಬಾರಿ ನದಿಯನ್ನು ತಿರುಗಿಸಿದವರು ಮನುಷ್ಯರು.

ಉಪ್ಪಿನ ಲೆಕ್ಕ

ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ನೀರಾವರಿ ಬೇಸಾಯದಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ.

1960ರಲ್ಲಿ ಅರಲ್ ನೀರಿನಲ್ಲಿ ಲೀಟರಿಗೆ ಸುಮಾರು 10 ಗ್ರಾಂ ಉಪ್ಪಿತ್ತು. ಮಹಾಸಾಗರದ ನೀರಿನಲ್ಲಿ 35 ಗ್ರಾಂ ಇರುತ್ತದೆ. ನೀರು ಕುಗ್ಗಿದಂತೆ ದೊಡ್ಡ ಅರಲ್‌ನಲ್ಲಿ ಉಪ್ಪಿನ ಪ್ರಮಾಣ 1990ರ ಸುಮಾರಿಗೆ 30 ಗ್ರಾಂಗೆ, ಅನಂತರ 100 ಗ್ರಾಂಗೂ ಮೇಲಕ್ಕೆ ಏರಿತು. 1950ರ ದಶಕದ ಕೊನೆಯಲ್ಲಿ ವರ್ಷಕ್ಕೆ 40,000 ಟನ್ನಿನಷ್ಟು ಮೀನು ಸಿಗುತ್ತಿದ್ದ ಸಮುದ್ರದಲ್ಲಿ 1980ರ ದಶಕದ ಆರಂಭಕ್ಕೆ ಮೀನುಗಾರಿಕೆ ನಿಂತುಹೋಯಿತು. 1921ರ ವೋಲ್ಗಾ ಕ್ಷಾಮಕ್ಕೆ 14 ರೈಲು ಡಬ್ಬಿ ಮೀನು ಕಳಿಸಿಕೊಟ್ಟ ಅರಲ್ಸ್ಕ್ ಪಟ್ಟಣ, ದಕ್ಷಿಣ ದಡದ ಮುಯ್ನಾಕ್ ಬಂದರು ಎರಡೂ ನೀರಿಲ್ಲದ ಬಂದರುಗಳಾದವು. ಮುಯ್ನಾಕಿನಲ್ಲಿ ತುಕ್ಕು ಹಿಡಿದ ಹಡಗುಗಳು ಇಂದಿಗೂ ಮರಳಿನ ಮೇಲೆ ನಿಂತಿವೆ.

ಹೊಲದಲ್ಲಿ ಆದದ್ದೂ ಇದೇ. ಲೀಟರಿಗೆ ಅರ್ಧ ಗ್ರಾಂ ಉಪ್ಪಿರುವ ನೀರನ್ನು ಬಾಯಿಗೆ ಹಾಕಿಕೊಂಡರೆ ಸಿಹಿ ನೀರೆಂದೇ ಅನಿಸೀತು. ಅಂತಹ ನೀರನ್ನು ಒಂದು ಬೆಳೆಗೆ ಒಟ್ಟು ಒಂದು ಮೀಟರು ಆಳದಷ್ಟು ಕೊಟ್ಟರೆ, ಹೆಕ್ಟೇರಿಗೆ 10,000 ಘನ ಮೀಟರು ನೀರಿನೊಡನೆ 5 ಟನ್ ಉಪ್ಪು ಹೊಲ ಸೇರುತ್ತದೆ. ಎಕರೆಗೆ 2 ಟನ್. ಬೆಳೆ ನೀರನ್ನು ಹೀರುತ್ತದೆ, ಉಪ್ಪಿನ ಹೆಚ್ಚಿನ ಭಾಗವನ್ನು ಮಣ್ಣಿನಲ್ಲೇ ಬಿಡುತ್ತದೆ. ಈ ಉಪ್ಪು ಬಸಿದು ಹೋಗಲು ದಾರಿಯಿಲ್ಲದಿದ್ದರೆ ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ಅತಿಯಾದ ನೀರಿನಿಂದ ಅಂತರ್ಜಲ ಮಟ್ಟ ಒಂದೂವರೆ, ಎರಡು ಮೀಟರಿನ ಒಳಗೆ ಬಂದರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಕೆಳಗಿನ ಉಪ್ಪುನೀರು ಮೇಲೇರಿ, ನೆಲದ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಉಜ್ಬೇಕಿಸ್ತಾನದ ನೀರಾವರಿ ಭೂಮಿಯಲ್ಲಿ ಸುಮಾರು ಅರ್ಧಭಾಗ ಒಂದಲ್ಲ ಒಂದು ಮಟ್ಟದ ಸವಳಿಗೆ ತುತ್ತಾಗಿದೆ. ಖೊರೆಜ್ಮ್ ರೈತರು ಬಿತ್ತನೆಗೆ ಮೊದಲು, ಚಳಿಗಾಲದ ಕೊನೆಯಲ್ಲಿ ಹೊಲಗಳಲ್ಲಿ ಎರಡು ಮೂರು ಸಲ ನೀರು ನಿಲ್ಲಿಸಿ ಉಪ್ಪನ್ನು ತೊಳೆಯುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಹೊಲಕ್ಕೂ ಅನ್ವಯಿಸುತ್ತದೆ. ಸವಳಾದ ಹೊಲ ಬೆಳೆಯ ಪಾಲಿನ ಮೇಲೆ ಉಪ್ಪು ತೊಳೆಯುವ ಪಾಲನ್ನೂ ಕೇಳುತ್ತದೆ. ಹಾಗೆ ತೊಳೆದ ನೀರು ಬಸಿಗಾಲುವೆಗಳ ಮೂಲಕ ಮತ್ತೆ ನದಿಗೆ ಬಿದ್ದು, ಮೇಲ್ಭಾಗದಲ್ಲಿ ಲೀಟರಿಗೆ ಅರ್ಧ ಗ್ರಾಂಗಿಂತ ಕಡಿಮೆ ಉಪ್ಪಿರುವ ಅಮು ದರ್ಯಾ ನೀರು ಕೆಳಭಾಗಕ್ಕೆ ಬರುವಾಗ ಒಂದು ಗ್ರಾಂ ದಾಟುತ್ತದೆ. ಕೊನೆ ಭಾಗದ ಕರಕಲ್ಪಾಕಸ್ತಾನದ ರೈತನಿಗೆ ಸಿಗುವ ನೀರು ಕಡಿಮೆ, ಅದರಲ್ಲಿರುವ ಉಪ್ಪು ಹೆಚ್ಚು.

ಬದಲಾದ ಹವೆ

ನೀರು ಹಿಂದೆ ಸರಿದಲ್ಲಿ 50,000 ಚದರ ಕಿಲೋಮೀಟರಿಗೂ ಹೆಚ್ಚಿನ ಹೊಸ ಮರುಭೂಮಿ ತೆರೆದುಕೊಂಡಿದೆ. ಇದಕ್ಕೆ ಅರಲ್ ಕುಮ್ ಎಂದು ಹೆಸರು. ಅಲ್ಲಿಂದ ಏಳುವ ಧೂಳಿನ ಬಿರುಗಾಳಿಗಳನ್ನು 1975ರಲ್ಲೇ ಬಾಹ್ಯಾಕಾಶದಿಂದ ಗುರುತಿಸಲಾಯಿತು. ಉಪ್ಪಿನ ಜೊತೆಗೆ, ಹತ್ತಿ ಹೊಲಗಳಿಂದ ಹರಿದುಬಂದ ಕೀಟನಾಶಕಗಳ ಶೇಷವೂ ಸೇರಿರುವ ಈ ಧೂಳು ನೂರಾರು ಕಿಲೋಮೀಟರು ದೂರದ ಹೊಲಗಳ ಮೇಲೆ ಬೀಳುತ್ತದೆ. ತೀರದ ಜನರಲ್ಲಿ ಶ್ವಾಸಕೋಶದ ಕಾಯಿಲೆ ಮತ್ತು ರಕ್ತಹೀನತೆ ಹೆಚ್ಚಾಗಿ ಕಂಡುಬಂದಿವೆ.

ಹವೆಯನ್ನು ಹದಗೊಳಿಸುತ್ತಿದ್ದ ನೀರು ಹೋದ ಮೇಲೆ ತೀರ ಪ್ರದೇಶದ ಬೇಸಿಗೆ ಇನ್ನಷ್ಟು ಬಿಸಿಯಾಗಿ, ಚಳಿಗಾಲ ಇನ್ನಷ್ಟು ಕೊರೆಯತೊಡಗಿತು. ವಸಂತದ ಹಿಮ ತಡವಾಗಿ ನಿಂತು, ಶರತ್ಕಾಲದ ಹಿಮ ಬೇಗ ಬೀಳುತ್ತದೆ. ಕರಕಲ್ಪಾಕಸ್ತಾನದ ಉತ್ತರ ಭಾಗದಲ್ಲಿ ಬೆಳೆಯ ಅವಧಿ ಸುಮಾರು ಹತ್ತು ದಿನ ಕಡಿಮೆಯಾಗಿ, ಅಲ್ಲಿನ ಕೆಲವು ಹತ್ತಿ ಹೊಲಗಳನ್ನು ಭತ್ತಕ್ಕೆ ಬದಲಿಸಬೇಕಾಯಿತು. ಹತ್ತಿಗಾಗಿ ಸಮುದ್ರದ ನೀರನ್ನು ತೆಗೆದುಕೊಂಡರು. ಸಮುದ್ರ ಹೋದ ಮೇಲೆ ಅದರ ದಡದಲ್ಲೇ ಹತ್ತಿಗೆ ಕಾಲ ಸಾಲದಾಯಿತು. ಅದರ ಬದಲಿಗೆ ಬಂದ ಭತ್ತ ಇನ್ನೂ ಹೆಚ್ಚು ನೀರು ಕೇಳಿತು.

ಉತ್ತರ ಭಾಗದ ಚೇತರಿಕೆ

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಅರಲ್ ಸಮುದ್ರ ಎರಡು ಸ್ವತಂತ್ರ ದೇಶಗಳ ಗಡಿಯಲ್ಲಿ ಉಳಿಯಿತು. ಸೈಬೀರಿಯದ ನದಿಗಳನ್ನು ಇತ್ತ ತಿರುಗಿಸುವ ಭಾರೀ ಯೋಜನೆಯನ್ನು 1986ರಲ್ಲೇ ಕೈಬಿಡಲಾಗಿತ್ತು. 1992ರಲ್ಲಿ ಮಧ್ಯ ಏಷ್ಯಾದ ಐದು ದೇಶಗಳು ಸೇರಿ ನೀರು ಹಂಚಿಕೆಗೆ ಜಂಟಿ ಆಯೋಗ ರಚಿಸಿಕೊಂಡವು. ಆದರೂ ಮೇಲಿನ ಕಿರ್ಗಿಜ್‌ಸ್ತಾನಕ್ಕೆ ಚಳಿಗಾಲದಲ್ಲಿ ವಿದ್ಯುತ್ತಿಗಾಗಿ ನೀರು ಬಿಡಬೇಕು, ಕೆಳಗಿನ ದೇಶಗಳಿಗೆ ಬೇಸಿಗೆಯಲ್ಲಿ ಬೆಳೆಗೆ ನೀರು ಬೇಕು ಎಂಬ ತಕರಾರು ಮುಂದುವರಿಯಿತು. 2022ರಲ್ಲಿ ಆಫ್ಘಾನಿಸ್ತಾನವೂ ಅಮು ದರ್ಯಾದಿಂದ ಕೋಶ್ ತೆಪಾ ಎಂಬ ದೊಡ್ಡ ಕಾಲುವೆ ತೋಡಲು ಆರಂಭಿಸಿದೆ.

ಇಡೀ ಸಮುದ್ರವನ್ನು ತುಂಬಿಸಲು ಆಗದಿದ್ದರೂ ಒಂದು ಭಾಗವನ್ನು ಉಳಿಸಬಹುದೆಂದು ಕಜಾಕಸ್ತಾನ ತೋರಿಸಿಕೊಟ್ಟಿತು. ಸಣ್ಣ ಅರಲ್‌ಗೆ ಬರುವ ಸಿರ್ ದರ್ಯಾ ನೀರು ದಕ್ಷಿಣಕ್ಕೆ ಹರಿದು ಮರಳಿನಲ್ಲಿ ವ್ಯರ್ಥವಾಗುತ್ತಿತ್ತು. 1992ರಲ್ಲಿ ಸ್ಥಳೀಯರು ಮಣ್ಣಿನ ಒಡ್ಡು ಹಾಕಿದರು. ಅದು ಮತ್ತೆ ಮತ್ತೆ ಒಡೆದು 1999ರಲ್ಲಿ ಕೊಚ್ಚಿಹೋಯಿತು. ಆಮೇಲೆ ವಿಶ್ವ ಬ್ಯಾಂಕಿನ ನೆರವಿನಿಂದ ಸುಮಾರು 13 ಕಿಲೋಮೀಟರು ಉದ್ದದ ಕೊಕರಾಲ್ ಒಡ್ಡನ್ನು ಕಟ್ಟಿ 2005ರಲ್ಲಿ ಮುಗಿಸಲಾಯಿತು. ಇದರೊಡನೆ ಸಿರ್ ದರ್ಯಾ ಪಾತ್ರದಲ್ಲಿದ್ದ ಹಳೆಯ ತೂಬು, ಅಣೆಕಟ್ಟುಗಳನ್ನೂ ದುರಸ್ತಿ ಮಾಡಲಾಯಿತು. ಒಂದು ವರ್ಷದೊಳಗೆ ನೀರಿನ ಮಟ್ಟ 42 ಮೀಟರಿಗೆ ಏರಿ, ವಿಸ್ತೀರ್ಣ ಸುಮಾರು 3,300 ಚದರ ಕಿಲೋಮೀಟರು ಆಯಿತು. ಉಪ್ಪಿನ ಪ್ರಮಾಣ ಇಳಿಯಿತು. 1990ರ ದಶಕದಲ್ಲಿ ಹೊರಗಿನಿಂದ ತಂದು ಬಿಟ್ಟ ಒಂದು ಜಾತಿಯ ಉಪ್ಪುನೀರಿನ ಮೀನು ಮಾತ್ರ ಸಿಗುತ್ತಿದ್ದ ಕಡೆ ನದಿಯ ಮೀನುಗಳು ಹಿಂದಿರುಗಿದವು. ಈಗ ವರ್ಷಕ್ಕೆ ಸಾವಿರಾರು ಟನ್ ಮೀನು ಹಿಡಿಯಲಾಗುತ್ತಿದೆ.

ಇದರ ಗುಟ್ಟು ಮತ್ತೆ ಜಮಾ-ಖರ್ಚಿನಲ್ಲೇ ಇದೆ. ವರ್ಷಕ್ಕೆ ಒಂದು ಮೀಟರಿನಂತೆ 3,300 ಚದರ ಕಿ.ಮೀ. ಹರವಿನಿಂದ ಆವಿಯಾಗುವುದು ಸುಮಾರು 3.3 ಘನ ಕಿ.ಮೀ. ಮಾತ್ರ. ಅಷ್ಟನ್ನು ಒದಗಿಸಲು ಸಿರ್ ದರ್ಯಾದ ಉಳಿಕೆ ನೀರು ಸಾಕು.

ದಕ್ಷಿಣ ಭಾಗದಲ್ಲಿ ಇಂತಹ ಅನುಕೂಲವಿಲ್ಲ. ಅಲ್ಲಿ ಉಜ್ಬೇಕಿಸ್ತಾನವು ಒಣಗಿದ ತಳದ ಮೇಲೆ ಧೂಳು ತಡೆಯಲು ಸಕ್ಸೌಲ್ ಎಂಬ ಮರುಭೂಮಿ ಗಿಡವನ್ನು ಲಕ್ಷಾಂತರ ಹೆಕ್ಟೇರುಗಳಲ್ಲಿ ಬೆಳೆಸುತ್ತಿದೆ. ರೈತರ ಮೇಲೆ ಹೇರಿದ್ದ ಸರ್ಕಾರಿ ಹತ್ತಿ ಕೋಟಾವನ್ನು 2020ರಲ್ಲಿ ರದ್ದು ಮಾಡಿ, ಹನಿ ನೀರಾವರಿಗೆ ಸಹಾಯಧನ ನೀಡುತ್ತಿದೆ.

ನಮ್ಮ ಅಚ್ಚುಕಟ್ಟುಗಳಲ್ಲಿ ಗಮನಿಸಬೇಕಾದ ಅಂಶಗಳು

ಕೃಷ್ಣಾ, ಕಾವೇರಿಗಳು ಬಂಗಾಳ ಕೊಲ್ಲಿಯನ್ನು ಸೇರುವ ನದಿಗಳು. ಅರಲ್‌ನಂತಹ ಮುಚ್ಚಿದ ಜಲಾನಯನ ನಮ್ಮಲ್ಲಿಲ್ಲ, ಮಳೆಯೂ ಅಲ್ಲಿಗಿಂತ ಹೆಚ್ಚು. ಆದರೆ ಹೊಲದೊಳಗಿನ ಉಪ್ಪಿನ ಲೆಕ್ಕ ಎಲ್ಲಿಯೂ ಒಂದೇ. ತುಂಗಭದ್ರಾ ಎಡದಂಡೆ ಕಾಲುವೆಗೆ ಯೋಜನೆ ಹಾಕಿದಾಗ ಹೆಚ್ಚಿನ ಭಾಗಕ್ಕೆ ಹಗುರ ನೀರಾವರಿ ಬೆಳೆಗಳನ್ನು ನಿಗದಿಪಡಿಸಿ, ಭತ್ತಕ್ಕೆ ಸಣ್ಣ ಪಾಲನ್ನು ಮಾತ್ರ ಬಿಡಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹರಡಿದ್ದರಿಂದ ಅಲ್ಲಿಯ ಎರೆ ಭೂಮಿಗಳು ಸವಳು-ಜವಳಾದವು; ಕೊನೆ ಭಾಗದ ಹೊಲಗಳಿಗೆ ನೀರು ತಲುಪದಾಯಿತು. ಮಲಪ್ರಭಾ, ಘಟಪ್ರಭಾ ಮತ್ತು ಕೃಷ್ಣಾ ಮೇಲ್ದಂಡೆ ಅಚ್ಚುಕಟ್ಟುಗಳಲ್ಲೂ ಈ ತೊಂದರೆ ಇದೆ. ಆದ್ದರಿಂದ ಕೆಳಗಿನ ಅಂಶಗಳನ್ನು ರೈತರು ಪಾಲಿಸುವುದು ಸೂಕ್ತ.

1. ಬೆಳೆಯ ಆಯ್ಕೆ: ಅಚ್ಚುಕಟ್ಟಿಗೆ ನಿಗದಿಯಾದ ಬೆಳೆ ಪದ್ಧತಿಯನ್ನು ಅನುಸರಿಸಬೇಕು. ಎತ್ತರದ ಎರೆ ಭೂಮಿಯಲ್ಲಿ ಹತ್ತಿ, ಜೋಳ, ಕಡಲೆ, ಸೂರ್ಯಕಾಂತಿಯಂತಹ ಬೆಳೆಗಳನ್ನು ಬೆಳೆದರೆ ನೀರೂ ಉಳಿಯುತ್ತದೆ, ಭೂಮಿಯೂ ಉಳಿಯುತ್ತದೆ.

2. ನೀರು ಕೊಡುವ ವಿಧಾನ: ಹೊಲ ತುಂಬ ನೀರು ಹಾಯಿಸುವುದನ್ನು ಬಿಟ್ಟು ಬೋದು-ಸಾಲು ಮಾಡಿ ನೀರು ಕೊಡಬೇಕು. ಹತ್ತಿಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಹಾಯಿಸಬಹುದು. ಆದರೆ ಈಗಾಗಲೇ ಸವಳಾಗಿರುವ ಭೂಮಿಯಲ್ಲಿ ಉಪ್ಪು ಒಣ ಸಾಲಿನತ್ತ ಸರಿಯುವುದರಿಂದ ತಜ್ಞರ ಸಲಹೆ ಪಡೆಯಬೇಕು. ರಾತ್ರಿ ವೇಳೆ ನೀರು ಬಿಟ್ಟು ಮನೆಗೆ ಹೋಗುವ ರೂಢಿಯನ್ನು ಕೈಬಿಡಬೇಕು.

3. ಬಸಿಗಾಲುವೆ: ನೀರು ತರುವ ಕಾಲುವೆಯಷ್ಟೇ ನೀರು ಹೊರಗೊಯ್ಯುವ ಕಾಲುವೆಯೂ ಮುಖ್ಯ. ಹಳ್ಳ ಮತ್ತು ಬಸಿಗಾಲುವೆಗಳನ್ನು ಒತ್ತುವರಿ ಮಾಡಬಾರದು. ಮಳೆಗಾಲಕ್ಕೆ ಮೊದಲು ಹೂಳು, ಜೊಂಡು ತೆಗೆಯಬೇಕು.

4. ಅಂತರ್ಜಲದ ಗಮನ: ಹೊಲದ ತಗ್ಗಿನಲ್ಲಿ ಎರಡು ಮೀಟರು ಆಳದ ಗುಂಡಿ ತೋಡಿ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ನೋಡಬೇಕು. ಮಟ್ಟ ಏರುತ್ತಿದ್ದರೆ ನೀರು ಕೊಡುವುದನ್ನು ಕಡಿಮೆ ಮಾಡಿ ಬಸಿಯುವ ವ್ಯವಸ್ಥೆ ಮಾಡಬೇಕು. ಬಿಳಿ ಪೊರೆ ಕಾಣಿಸುವವರೆಗೆ ಕಾಯಬಾರದು.

5. ಮಣ್ಣು ಪರೀಕ್ಷೆ: ಮಣ್ಣಿನ ವಿದ್ಯುತ್ ವಾಹಕತೆ 4 ಡೆಸಿಸೀಮನ್ಸ್ ದಾಟಿದರೆ ಅದು ಉಪ್ಪಿನ ಭೂಮಿ. ಅದಕ್ಕೆ ಬಸಿಗಾಲುವೆಯೊಡನೆ ಸಿಹಿ ನೀರಿನಿಂದ ತೊಳೆಯುವುದೇ ಮದ್ದು. ಬಸಿಗಾಲುವೆಯಿಲ್ಲದೆ ತೊಳೆದರೆ ಉಪಯೋಗವಿಲ್ಲ. ರಸಸಾರ 8.5 ಮೀರಿದ್ದು ಸೋಡಿಯಂ ಹೆಚ್ಚಿರುವ ಭೂಮಿಗೆ ಪರೀಕ್ಷೆಯ ಫಲಿತಾಂಶದಂತೆ ಜಿಪ್ಸಂ ಹಾಕಬೇಕು. ಎರಡಕ್ಕೂ ಡಯಾಂಚ ಹಸಿರೆಲೆ ಗೊಬ್ಬರ ಒಳ್ಳೆಯದು. ಹತ್ತಿ ಉಪ್ಪನ್ನು ಸಾಕಷ್ಟು ತಡೆಯುತ್ತದೆ; ಗೋವಿನಜೋಳ ತಡೆಯುವುದಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು-ಜವಳು ಭೂಮಿಗಳ ಸುಧಾರಣೆಯ ಬಗ್ಗೆ ದೀರ್ಘಕಾಲದಿಂದ ಸಂಶೋಧನೆ ನಡೆದಿದ್ದು, ಅಲ್ಲಿಯ ಸಲಹೆ ಪಡೆಯಬಹುದು.

6. ಸರದಿ ನೀರು: ನೀರು ಬಳಕೆದಾರರ ಸಂಘದಲ್ಲಿ ಸರದಿಯನ್ನು ಬರೆದಿಟ್ಟು ಪಾಲಿಸಬೇಕು. ಸಾಧ್ಯವಿರುವೆಡೆ ಕೊನೆ ಭಾಗದ ಹೊಲಗಳಿಗೆ ಮೊದಲು ನೀರು ಕೊಟ್ಟು ಮೇಲಕ್ಕೆ ಬರುವ ಕ್ರಮವನ್ನು ಅನುಸರಿಸಬೇಕು. ಮೇಲ್ಭಾಗದ ರೈತ ಬಿಟ್ಟುಕೊಟ್ಟ ಹೆಚ್ಚಿನ ನೀರು ಅವನ ಹೊಲವನ್ನೂ ಜವಳಾಗದಂತೆ ಕಾಯುತ್ತದೆ.

ಅರಲ್ ಸಮುದ್ರಕ್ಕೆ ನೀರಿನ ಸಂಘದಲ್ಲಿ ಸದಸ್ಯತ್ವವಿರಲಿಲ್ಲ, ತನ್ನ ಸರದಿ ಕೇಳಲು ಬಾಯಿಯಿರಲಿಲ್ಲ. ಕೊನೆ ಭಾಗದ ರೈತನಿಗೆ ಎರಡೂ ಇವೆ. ವಿಸ್ತರಣಾ ಕಾರ್ಯಕರ್ತರು ಈ ಹಂಗಾಮಿನಲ್ಲಿ ಕಾಲುವೆಗೆ ನೀರು ಬಿಡುವುದಕ್ಕೆ ಮೊದಲೇ ಹಳ್ಳಿಗಳಲ್ಲಿ ಸಭೆ ಸೇರಿಸಿ, ಸರದಿ ಪಟ್ಟಿ ಮತ್ತು ಬಸಿಗಾಲುವೆ ದುರಸ್ತಿಯ ಕೆಲಸಗಳನ್ನು ಗೊತ್ತುಪಡಿಸುವುದು ಅಗತ್ಯ.